ಆ ಹಸಿರು ಮುದ್ರೆ ಒಮ್ಮೆ ಒತ್ತಿ ನೋಡಿದ್ರಾ?

ಕಳೆದ ತಿಂಗಳು ನನ್ನ ಫ್ರೆಂಡ್ ಒಬ್ಬಳು ಹೊರದೇಶದ ಒಂದು ಸೈಟ್‌ನಿಂದ ಶೂ ತರಿಸೋಕೆ ಹೋಗಿ 3,800 ರೂಪಾಯಿ ಕಳ್ಕೊಂಡಳು. ಶೂ ಬರಲಿಲ್ಲ, ಮೇಲ್‌ಗೆ ಉತ್ತರಾನೂ ಇಲ್ಲ. "ಸೈಟ್ ಕೆಳಗೆ ಟ್ರಸ್ಟೆಡ್ ಅಂತ ಸೀಲ್ ಇತ್ತು ಕಣೇ" ಅಂದಳು. ನಾನು ಆ ಸೀಲ್ ಮೇಲೆ ಬೆರಳಿಟ್ಟು ಒತ್ತಿದೆ. ಬಂದಿದ್ದು ಒಂದೇ ಆಯ್ಕೆ: 'ಇಮೇಜ್ ಡೌನ್‌ಲೋಡ್ ಮಾಡಿ'. ಅಂದ್ರೆ ಅದು ಬರೀ ಚಿತ್ರ.

ನಂಬಿಕೆಯ ಮುದ್ರೆ ಬೇಡ ಅಂತ ನಾನು ಹೇಳ್ತಿಲ್ಲ. ಊರಿನ ಅಂಗಡಿಯವರು ಮೋಸ ಮಾಡಿದ್ರೆ ಹೋಗಿ ಜಗಳ ಆಡಬಹುದು. ಗಡಿಯಾಚೆ ಇರೋ ಅಂಗಡಿಗೆ ಹೋಗೋದು ಹೇಗೆ? ಅಲ್ಲಿ ಮುದ್ರೆ ಬೇಕೇ ಬೇಕು. ಆದ್ರೆ ಅದರ ಹಿಂದೆ ಯಾರಾದ್ರೂ ನಿಂತಿರಬೇಕು.

ನಿಜವಾದ ಮುದ್ರೆ ಕೊಡೋರೂ ಎಡವಿದ್ದಾರೆ. ಅಮೆರಿಕದ ಟ್ರಸ್ಟ್‌ಇ ಸಂಸ್ಥೆ ಸೈಟ್‌ಗಳಿಗೆ ಪ್ರೈವಸಿ ಸೀಲ್ ಕೊಡ್ತಿತ್ತು, ಪ್ರತಿ ವರ್ಷ ಮರುಪರಿಶೀಲನೆ ಮಾಡ್ತೀವಿ ಅಂತಾನೂ ಹೇಳ್ತಿತ್ತು. 2006ರಿಂದ 2013ರ ನಡುವೆ ಸಾವಿರಕ್ಕೂ ಹೆಚ್ಚು ಸಲ ಆ ಪರಿಶೀಲನೆ ಮಾಡೇ ಇಲ್ಲ ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2014ರಲ್ಲಿ 2 ಲಕ್ಷ ಡಾಲರ್ ಕೊಡಲು ಒಪ್ಪಿ ಸಂಸ್ಥೆ ರಾಜಿ ಮಾಡ್ಕೊಳ್ತು. ಅದಕ್ಕೂ ಮೊದಲೇ ಬೆಂಜಮಿನ್ ಎಡೆಲ್ಮನ್ ಎಂಬ ಸಂಶೋಧಕರು ಲೆಕ್ಕ ಹಾಕಿದ್ರು: ಆ ಸೀಲ್ ಇಲ್ಲದ ಸೈಟ್‌ಗಳಿಗಿಂತ ಸೀಲ್ ಇದ್ದ ಸೈಟ್‌ಗಳೇ ನಂಬಿಕೆಗೆ ಅನರ್ಹವಾಗಿರುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು! ನಮ್ಮ ಎಕನಾಮಿಕ್ಸ್ ಕ್ಲಾಸಲ್ಲಿ ಇದನ್ನೇ ಅಡ್ವರ್ಸ್ ಸೆಲೆಕ್ಷನ್ ಅಂತಾರೆ. ಒಳ್ಳೆ ಹೆಸರಿರೋರಿಗೆ ಸೀಲ್ ಅಷ್ಟೇನೂ ಬೇಕಿಲ್ಲ. ಹೆಸರಿಲ್ಲದವರೇ ಮುಗಿಬಿದ್ದು ತಗೋತಾರೆ.

(ಬ್ರೌಸರ್‌ನಲ್ಲಿ ಕಾಣೋ ಬೀಗದ ಗುರುತನ್ನೂ ನಂಬ್ಕೋಬೇಡಿ. ನಿಮ್ಮ ಮಾಹಿತಿ ದಾರಿ ಮಧ್ಯೆ ಕದಿಯೋಕಾಗಲ್ಲ ಅನ್ನೋದಷ್ಟೇ ಅದರ ಅರ್ಥ. ಕಳ್ಳನ ಸೈಟ್‌ಗೂ ಬೀಗ ಇರುತ್ತೆ.)

ಹಾಗಾದ್ರೆ ಒಳ್ಳೆ ಮುದ್ರೆ ಯಾವುದು? ಯುರೋಪಿಯನ್ ಒಕ್ಕೂಟದಲ್ಲಿ ಆನ್‌ಲೈನ್‌ನಲ್ಲಿ ಔಷಧಿ ಮಾರೋರು ಒಂದು ಸಾಮಾನ್ಯ ಲೋಗೋ ಹಾಕಲೇಬೇಕು. ಅದನ್ನ ಒತ್ತಿದ್ರೆ ಆ ದೇಶದ ಸರ್ಕಾರಿ ಪಟ್ಟಿ ತೆರೆಯುತ್ತೆ, ಅಂಗಡಿ ಹೆಸರು ಅಲ್ಲಿರಬೇಕು. ಜರ್ಮನಿಯ ಟ್ರಸ್ಟೆಡ್ ಶಾಪ್ಸ್ ಮುದ್ರೆ ಜೊತೆಗೆ ಹಣ ವಾಪಸಿನ ಖಾತರಿಯನ್ನೂ ಕೊಡುತ್ತೆ. ನನಗೆ ಇದೇ ಹೆಚ್ಚು ಇಷ್ಟ. ಅಂಗಡಿ ಕೈಕೊಟ್ರೆ ಮುದ್ರೆ ಕೊಟ್ಟವರ ಜೇಬಿಗೂ ಕತ್ತರಿ ಬೀಳುತ್ತೆ, ಹಾಗಾಗಿ ಅವರೇ ಅಂಗಡಿ ಮೇಲೆ ಕಣ್ಣಿಡ್ತಾರೆ.

ಇದು ನಮಗೇನೂ ಹೊಸದಲ್ಲ. ಈಗ ಚಿನ್ನದ ಒಡವೆ ಮೇಲೆ ಹಾಲ್‌ಮಾರ್ಕ್ ಜೊತೆ ಅಂಕಿ-ಅಕ್ಷರ ಸೇರಿದ 6 ಸ್ಥಾನಗಳ ಎಚ್‌ಯುಐಡಿ ಇರುತ್ತೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದ್ರೆ ಒಡವೆಯ ಶುದ್ಧತೆ ಗೊತ್ತಾಗುತ್ತೆ. ಬಳೆಗೆ ಸಾಧ್ಯವಾಗಿದ್ದು ವೆಬ್‌ಸೈಟ್‌ಗೆ ಯಾಕೆ ಆಗಬಾರದು?

2020ರ ನಮ್ಮ ಇ-ಕಾಮರ್ಸ್ ನಿಯಮಗಳು ಭಾರತದ ಗ್ರಾಹಕರಿಗೆ ವ್ಯವಸ್ಥಿತವಾಗಿ ಮಾರೋ ವಿದೇಶಿ ಕಂಪನಿಗಳಿಗೂ ಅನ್ವಯಿಸುತ್ತವೆ. ದೂರು ಬಂದ 48 ಗಂಟೆಯೊಳಗೆ ತಲುಪಿತು ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಚೆನ್ನಾಗಿದೆ. ಆದ್ರೆ ವಿಳಾಸವೇ ಇಲ್ಲದ ಸೈಟ್‌ಗೆ ನಿಯಮ ಓದಿ ಹೇಳೋರು ಯಾರು? ನನ್ನ ಪ್ರಕಾರ ಇಲ್ಲಿ ಮಾರಬೇಕು ಅನ್ನೋ ವಿದೇಶಿ ಅಂಗಡಿ ಮೊದಲು ಇಲ್ಲಿ ಡೆಪಾಸಿಟ್ ಇಡಲಿ. ಒತ್ತಿದ್ರೆ ಸರ್ಕಾರಿ ಪಟ್ಟಿಗೆ ಹೋಗೋ ಮುದ್ರೆ ಆಮೇಲೆ ಸಿಗಲಿ.

ಅಲ್ಲಿವರೆಗೆ, ನಿಮ್ಮ ಕಾರ್ಟ್‌ನಲ್ಲಿ ಹೊರದೇಶದ ಸೈಟ್ ಏನಾದ್ರೂ ಇದ್ರೆ ದುಡ್ಡು ಕಟ್ಟೋ ಮೊದಲು ಕೆಳಗಿನ ಆ ಮುದ್ರೆ ಒತ್ತಿ. ಏನು ತೆರೆಯಿತು ಅಂತ ಕಾಮೆಂಟ್‌ನಲ್ಲಿ ಹೇಳಿ.