ಕಲ್ಲಿಗೆ ಕಟ್ಟಿದ ಬೆಲೆ

ಮುಕ್ಕಾಲು ಮೀಟರು ಎತ್ತರದ ಒಂದು ಸುಣ್ಣಗಲ್ಲಿನ ಪ್ರತಿಮೆ. ಪೀಠದ ಮೇಲೆ ಕುಳಿತ ಗಂಡಸು. ಅವನ ತೊಡೆಯ ಮೇಲೆ ಬಿಚ್ಚಿದ ಸುರುಳಿ. ಅವನ ಕಾಲನ್ನು ತೋಳಿನಿಂದ ಬಳಸಿ ಪಕ್ಕದಲ್ಲಿ ಕುಳಿತ, ಅಳತೆಯಲ್ಲಿ ತೀರ ಚಿಕ್ಕವಳಾದ ಹೆಂಡತಿ. ಅವನ ಹೆಸರು ಸೆಖೆಂಕ, ಅವಳದು ಸಿತ್ಮೆರೆತ್. ಈಜಿಪ್ತದ ಐದನೆಯ ರಾಜವಂಶದ ಕಾಲದಲ್ಲಿ, ಎಂದರೆ ಇಂದಿಗೆ 4,300 ವರ್ಷಗಳಿಗೂ ಹಿಂದೆ, ಒಬ್ಬ ಅಧಿಕಾರಿಯ ಸಮಾಧಿಗೆಂದು ಕಡೆದ ಈ ಕಲ್ಲನ್ನು 2014ರ ಜುಲೈ 10ರಂದು ಲಂಡನ್ನಿನ ಕ್ರಿಸ್ಟೀಸ್ ಸಂಸ್ಥೆ ಹರಾಜು ಹಾಕಿತು. ಬಂದ ಬೆಲೆ 1 ಕೋಟಿ 57 ಲಕ್ಷ ಪೌಂಡುಗಳಿಗೂ ಮಿಕ್ಕಿತ್ತು. ಕೊಂಡವರ ಹೆಸರು ಹೊರಬೀಳಲಿಲ್ಲ.

ಮಾರಿದವರು ಯಾರೆಂಬುದೇ ಇಲ್ಲಿ ಮುಖ್ಯ. ಕಳ್ಳರಲ್ಲ, ದಲ್ಲಾಳಿಗಳಲ್ಲ; ಇಂಗ್ಲೆಂಡಿನ ನಾರ್ಥಾಂಪ್ಟನ್ ಎಂಬ ಊರಿನ ಪುರಸಭೆ. ಆ ಊರಿನ ಹೆಸರನ್ನೇ ಬಿರುದಾಗಿ ಹೊತ್ತ ಪ್ರಭು ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಈಜಿಪ್ತದಿಂದ ತಂದು ಊರ ವಸ್ತುಸಂಗ್ರಹಾಲಯಕ್ಕೆ ಕೊಟ್ಟ ಪ್ರತಿಮೆ ಅದು. ಸಂಗ್ರಹಾಲಯದ ಕಟ್ಟಡವನ್ನು ವಿಸ್ತರಿಸಲು ಹಣ ಬೇಕಾಯಿತು, ಮಾರಿದರು. ಬಂದ ಹಣದಲ್ಲಿ ನೂರಕ್ಕೆ 55 ಪಾಲು ಪುರಸಭೆಗೆ, 45 ಪಾಲು ದಾನಿಯ ವಂಶಸ್ಥರಿಗೆ! ಮನೆ ದೊಡ್ಡದು ಮಾಡುವುದಕ್ಕಾಗಿ ಮನೆಯ ಹಿರಿಯನನ್ನೇ ಮಾರುವ ಈ ಜಾಣತನ ಆ ದೇಶದವರಿಗೂ ಸಹಿಸಲಿಲ್ಲ. ಇಂಗ್ಲೆಂಡಿನ ಕಲಾಮಂಡಲಿ ಸಂಗ್ರಹಾಲಯದ ಮಾನ್ಯತೆಯನ್ನು ಕಿತ್ತುಕೊಂಡಿತು. ಈಜಿಪ್ತದ ರಾಯಭಾರಿ ಪ್ರತಿಭಟಿಸಿದರು. ಮರುವರ್ಷ ಅಲ್ಲಿಯ ಸರಕಾರ ಪ್ರತಿಮೆಯ ರಫ್ತನ್ನು ಕೆಲಕಾಲ ತಡೆಹಿಡಿದು ನೋಡಿತು. ಅಷ್ಟು ಬೆಲೆ ತೆತ್ತು ಅದನ್ನು ದೇಶದಲ್ಲಿಯೇ ಉಳಿಸಿಕೊಳ್ಳುವವರು ಮುಂದೆ ಬರಲಿಲ್ಲ.

ಇನ್ನು ಆ ಸುರುಳಿಯ ವಿಷಯ. ಅದರಲ್ಲಿ ಕೊರೆದಿರುವುದು ಕಾವ್ಯವಲ್ಲ, ರಾಜ್ಯಶಾಸನವೂ ಅಲ್ಲ. ಸತ್ತವನಿಗೆ ಸಲ್ಲಬೇಕಾದ ಎಡೆಯ ಪಟ್ಟಿ. ಸಮಾಧಿಯ ಮುಂದೆ ನಿಂತವರು ಹೆಸರಿಟ್ಟು ಓದಿದರೆ ಆ ಆಹಾರ ಅವನಿಗೆ ಮುಟ್ಟುತ್ತದೆ ಎಂಬುದು ಆ ಜನರ ನಂಬಿಕೆ. ಮಹಾಲಯ ಅಮವಾಸ್ಯೆಯಂದು ಹಿರಿಯರಿಗೆ ಎಡೆಯಿಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಓದುವವರಿಗಾಗಿ ಕಾದು ಕುಳಿತ ಕಲ್ಲು ಅದು. ಕೊಂಡವರ ಖಾಸಗಿ ಕೋಣೆಯಲ್ಲಿ ಅದನ್ನು ಓದುವವರಾರು?

ನೈಲ್ ನದಿಯ ಕಲ್ಲಿಗೂ ಘಟಪ್ರಭೆಯ ಸೀಮೆಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಹತ್ತರಗಿಯಲ್ಲಿ ಕುಳಿತು ಇದನ್ನು ಬರೆಯುತ್ತಿರುವ ನನಗೆ ಸಂಬಂಧ ಹತ್ತಿರದ್ದಾಗಿಯೇ ಕಾಣುತ್ತದೆ. ನಮ್ಮ ಶಿಲಾಶಾಸನಗಳಲ್ಲಿ ಬಹುಪಾಲು ದತ್ತಿಯ ಪತ್ರಗಳೇ ಅಲ್ಲವೆ? ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ, 1204ರಲ್ಲಿ, ಬೀಚಣನು ಬೆಳಗಾವಿಯಲ್ಲಿ ಕಟ್ಟಿಸಿದ ರಟ್ಟ ಜಿನಾಲಯಕ್ಕೆ ದತ್ತಿ ಬಿಟ್ಟುದನ್ನು ಎರಡು ಕಲ್ಲುಗಳಲ್ಲಿ ಬರೆಯಿಸಿದರು. ಅದೇ ವರ್ಷದ, ಅದೇ ಅರಸನ ಶಾಸನವೊಂದು ಇಂದಿನ ಮೂಡಲಗಿ ತಾಲೂಕಿನ ಕಲ್ಲೋಳಿಯಲ್ಲಿಯೂ ದೊರೆಯಿತು. 1870ರ ದಶಕದಲ್ಲಿ ಫ್ಲೀಟ್ ಮಹಾಶಯರು ಅದನ್ನು ಅಚ್ಚು ಹಾಕಿಸಿದರು. ಬೆಳಗಾವಿಯ ಕಲ್ಲುಗಳೆರಡೂ ಸೇರಿದ್ದು ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮನ್ನು. ಬಾರ್ನೆಟ್ ಎಂಬ ವಿದ್ವಾಂಸರು ‘ಎಪಿಗ್ರಾಫಿಯಾ ಇಂಡಿಕಾ’ದ 13ನೆಯ ಸಂಪುಟದಲ್ಲಿ ಅವುಗಳ ಪಾಠವನ್ನು ಪ್ರಕಟಿಸಿದ್ದರಿಂದ ನಮ್ಮ ಊರಿನ ದಾನದ ಮಾತನ್ನು ನಾವು ಪುಸ್ತಕದಲ್ಲಿಯಾದರೂ ಓದಬಲ್ಲೆವು. ದತ್ತಿಯನ್ನು ಅಳಿದವನಿಗೆ ಗೋವನ್ನು ಕೊಂದ ಪಾಪವನ್ನು ಕಟ್ಟಿಕೊಡುವುದು ನಮ್ಮ ಶಾಸನಗಳ ವಾಡಿಕೆ. ಕಲ್ಲನ್ನೇ ಎತ್ತಿಕೊಂಡು ಹೋಗುವವನ ಯೋಚನೆ ಆ ಕವಿಗಳಿಗೆ ಹೊಳೆದಿರಲಾರದು.

ಪರದೇಶಕ್ಕೆ ಹೋದುದರಿಂದಲೇ ಆ ಕಲ್ಲುಗಳು ಉಳಿದವು, ಇಲ್ಲಿದ್ದರೆ ಬಟ್ಟೆ ಒಗೆಯುವ ಹಾಸುಗಲ್ಲಾಗುತ್ತಿದ್ದವು ಎನ್ನುವವರಿದ್ದಾರೆ. ಮಾತಿನಲ್ಲಿ ಸತ್ಯಾಂಶವಿದೆಯೆಂದು ಒಪ್ಪುತ್ತೇನೆ; ಅದು ಕಟುವಾಗಿರುವುದೂ ಅದಕ್ಕಾಗಿಯೇ. ಆದರೆ ನಾರ್ಥಾಂಪ್ಟನ್ನಿನ ವ್ಯವಹಾರವನ್ನು ಕಂಡ ಮೇಲೆ ಆ ವಾದದ ಅರ್ಧ ಬಲ ಉಡುಗಿತು. ಕಾಯುತ್ತೇವೆಂದು ಇಟ್ಟುಕೊಂಡವರೂ ಮಾರುತ್ತಾರೆ.

ಕಾನೂನು ಇಲ್ಲವೆಂದಲ್ಲ. ಈಜಿಪ್ತ ತನ್ನ ಪ್ರಾಚೀನ ವಸ್ತುಗಳ ವ್ಯಾಪಾರವನ್ನು 1983ರ ಕಾನೂನಿನಿಂದ ನಿಲ್ಲಿಸಿತು. ಅದಕ್ಕೂ ಮುಂಚೆ ಕೈರೋದ ವಸ್ತುಸಂಗ್ರಹಾಲಯದಲ್ಲಿಯೇ ಮಾರಾಟದ ಕೋಣೆಯಿತ್ತೆಂದರೆ ಇಂದಿನವರು ನಂಬಲಾರರು. ನಮ್ಮಲ್ಲಿ 1972ರ ಪ್ರಾಚ್ಯವಸ್ತು ಅಧಿನಿಯಮ 1976ರಿಂದ ಜಾರಿಯಲ್ಲಿದೆ; ನೂರು ವರ್ಷ ದಾಟಿದ ಶಿಲ್ಪವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಆದರೆ ಕದ್ದ ಮಾಲು ಹರಾಜಿನ ಕಟ್ಟೆಯನ್ನು ಏರಿದಾಗ ‘ಇದು ನಮ್ಮದು’ ಎಂಬ ಮಾತಿಗೆ ಪುರಾವೆ ಬೇಕು. 2019ರಲ್ಲಿ ತುತಂಖಾಮನ್ನನ ಮುಖಚರ್ಯೆಯುಳ್ಳ ಶಿಲಾಶಿರಸ್ಸನ್ನು ಮಾರಬೇಡಿರೆಂದು ಈಜಿಪ್ತ ಸರಕಾರವೇ ಕೇಳಿಕೊಂಡರೂ ಲಂಡನ್ನಿನಲ್ಲಿ ಅದು 47 ಲಕ್ಷ ಪೌಂಡಿಗೆ ಹೋಯಿತು. ಸೆಖೆಂಕ ಮಾರಾಟವಾದ 2014ರಲ್ಲಿಯೇ, ತಮಿಳುನಾಡಿನ ವೃದ್ಧಾಚಲದ ದೇವಾಲಯದಿಂದ ಕಳುವಾಗಿ ಆಸ್ಟ್ರೇಲಿಯದ ಕಲಾಶಾಲೆಯನ್ನು ಸೇರಿದ್ದ ಅರ್ಧನಾರೀಶ್ವರನ ಶಿಲಾಮೂರ್ತಿ ಭಾರತಕ್ಕೆ ಮರಳಿತು. ಅದನ್ನು ಮರಳಿ ತಂದದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ದಶಕಗಳ ಹಿಂದೆ, ಮೂರ್ತಿಯಿನ್ನೂ ತನ್ನ ಗೂಡಿನಲ್ಲಿದ್ದಾಗ, ತೆಗೆದಿಟ್ಟ ಛಾಯಾಚಿತ್ರ.

ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ಶಿಕ್ಷಕರಲ್ಲಿ ಆದ್ದರಿಂದ ನನ್ನದೊಂದು ಬಿನ್ನಹ. ಹನುಮಪ್ಪನ ಗುಡಿಯ ಕಟ್ಟೆಗೆ ಒರಗಿಸಿದ ವೀರಗಲ್ಲು, ಹೊಲದ ಬದುವಿನಲ್ಲಿ ಅರ್ಧ ಹೂತ ಶಾಸನ, ಬಾವಿಯ ಗೋಡೆಯಲ್ಲಿ ತಲೆಕೆಳಗಾಗಿ ಸೇರಿದ ಮೂರ್ತಿಯ ತುಂಡು, ಇವುಗಳ ಮುಂದೆ ಮಕ್ಕಳನ್ನು ಒಂದು ದಿನ ನಿಲ್ಲಿಸಿರಿ. ಎತ್ತರ, ಅಗಲ, ಸಾಲುಗಳ ಸಂಖ್ಯೆ, ಮುಕ್ಕಾದ ಜಾಗ ಎಲ್ಲವನ್ನೂ ಅವರೇ ಬರೆದುಕೊಳ್ಳಲಿ. ನಾಲ್ಕೂ ಮಗ್ಗುಲಿನಿಂದ ಚಿತ್ರ ತೆಗೆಯಲಿ, ಸುತ್ತಲಿನ ಗುಡಿ, ಗಿಡ, ಕಟ್ಟೆಗಳು ಕಾಣುವಂತೆ ತೆಗೆಯಲಿ. ಒಂದು ಪ್ರತಿ ಶಾಲೆಯ ಕಪಾಟಿನಲ್ಲಿ, ಒಂದು ಪಂಚಾಯತಿಯಲ್ಲಿ, ಒಂದು ಪುರಾತತ್ವ ಇಲಾಖೆಯಲ್ಲಿ, ಇನ್ನೊಂದು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಲ್ಲಿ ಇರಲಿ. ಇದಕ್ಕೆ ಬೇಕಾದದ್ದು ಒಂದು ಅಳತೆಯ ಪಟ್ಟಿ, ಒಂದು ನೋಟುಪುಸ್ತಕ, ಕೈಯಲ್ಲಿರುವ ಮೊಬೈಲು ಮತ್ತು ಬಿಸಿಲೇರುವ ಮುಂಚಿನ ಎರಡು ತಾಸು.