ಮನೋರೋಗವನ್ನು ಮುಚ್ಚಿಟ್ಟರೆ ನ್ಯಾಯವೂ ದೂರವಾಗುತ್ತದೆ

ದ್ವಿತೀಯ ಖಲೀಫ ಹಝ್ರತ್ ಉಮರ್(ರ)ರ ಆಡಳಿತ ಕಾಲದಲ್ಲಿ ಬುದ್ಧಿಭ್ರಮಣೆಗೊಳಗಾಗಿದ್ದ ಓರ್ವ ಸ್ತ್ರೀಗೆ ಕಠಿಣ ಶಿಕ್ಷೆ ವಿಧಿಸಲಾಗಿತ್ತು. ಆಕೆಯನ್ನು ಕೊಂಡೊಯ್ಯುತ್ತಿರುವುದನ್ನು ಕಂಡ ಹಝ್ರತ್ ಅಲೀ(ರ) ತಡೆದರು. ನಿದ್ರೆಯಲ್ಲಿರುವವನು, ಪ್ರಾಯಕ್ಕೆ ಬಾರದ ಮಗು, ಬುದ್ಧಿ ಸ್ವಾಧೀನದಲ್ಲಿಲ್ಲದವನು ಈ ಮೂವರ ಮೇಲಿಂದ ಕರ್ಮ ದಾಖಲಿಸುವ ಲೇಖನಿ ಎತ್ತಲ್ಪಟ್ಟಿದೆ ಎಂಬ ಪ್ರವಾದಿ(ಸ)ರ ಬೋಧನೆಯನ್ನು ಅವರು ಖಲೀಫರಿಗೆ ನೆನಪಿಸಿದರು. ಖಲೀಫರು ಆಕೆಯನ್ನು ಬಿಡುಗಡೆಗೊಳಿಸಿದರು. ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ಈ ಘಟನೆ ದಾಖಲಾಗಿದೆ.

ನಮ್ಮ ದೇಶದ ಕಾನೂನು ಕೂಡ ಇದೇ ತತ್ವವನ್ನು ಒಪ್ಪಿದೆ. ಹಿಂದಿನ ದಂಡ ಸಂಹಿತೆಯ 84ನೇ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮು ಹೇಳುವುದೇನೆಂದರೆ, ಕೃತ್ಯ ನಡೆದ ವೇಳೆ ಚಿತ್ತವಿಕಲತೆಯಿಂದಾಗಿ ತಾನು ಮಾಡುತ್ತಿರುವುದೇನು, ಅದು ತಪ್ಪೇ ಎಂಬುದನ್ನು ಅರಿಯಲಾಗದ ವ್ಯಕ್ತಿಯ ಕೃತ್ಯವು ಅಪರಾಧವಲ್ಲ. ಹಾಗೆಂದು ಇದು ನೊಂದವರ ಹಕ್ಕನ್ನು ಕಡೆಗಣಿಸುವುದಲ್ಲ. ಅಂತಹ ವ್ಯಕ್ತಿಯನ್ನು ಸುರಕ್ಷಿತ ನಿಗಾದಲ್ಲಿರಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಮನೋರೋಗಿಗಳಲ್ಲಿ ಬಹುತೇಕರು ಯಾರಿಗೂ ಕೇಡು ಮಾಡುವವರಲ್ಲ, ಅನೇಕ ವೇಳೆ ಅವರೇ ಇತರರ ಕ್ರೌರ್ಯಕ್ಕೆ ಬಲಿಯಾಗುತ್ತಾರೆ ಎಂಬುದನ್ನೂ ಮರೆಯಬಾರದು.

ಆದರೆ ಒಂದು ಮಾತು ನಮ್ಮ ಕುಟುಂಬಗಳಿಗೆ ತಿಳಿದಿರಬೇಕು. ಚಿತ್ತವಿಕಲತೆಯನ್ನು ಸಾಬೀತುಪಡಿಸುವ ಹೊಣೆ ಆರೋಪಿಯದ್ದೇ. ಅದಕ್ಕೆ ವೈದ್ಯರ ಚೀಟಿ, ಆಸ್ಪತ್ರೆಯ ದಾಖಲೆ ಬೇಕು. ಮಗಳ ಮದುವೆಗೆ ಅಡ್ಡಿಯಾದೀತು, ಜಮಾಅತಿನಲ್ಲಿ ಮಾನ ಹೋದೀತು ಎಂದು ಮಗನ ರೋಗವನ್ನು ವರ್ಷಗಟ್ಟಲೆ ಬಚ್ಚಿಟ್ಟ ಮನೆಯವರು ನಾಳೆ ನ್ಯಾಯಾಧೀಶರ ಮುಂದೆ ಏನನ್ನು ಇಡಬಲ್ಲರು? ಚಿಕಿತ್ಸೆ ದೊರೆತಿದ್ದರೆ ಆ ಕೃತ್ಯವೇ ನಡೆಯದೆ ಇರುತ್ತಿತ್ತೇನೋ ಎಂಬ ಪ್ರಶ್ನೆಯಂತೂ ಅದಕ್ಕಿಂತ ಭಾರವಾದುದು.

ವ್ಯವಸ್ಥೆಯೂ ತಪ್ಪಿತಸ್ಥವೇ. 1951ರಲ್ಲಿ ಬಂಧಿಸಲ್ಪಟ್ಟ ಅಸ್ಸಾಮಿನ ಓರ್ವ ಯುವಕನನ್ನು ಮನೋರೋಗಿಯೆಂದು ತೇಜ್‌ಪುರದ ಆಸ್ಪತ್ರೆಗೆ ಕಳುಹಿಸಲಾಯಿತು. ಗುಣಮುಖನಾದ ಮೇಲೂ ಮನೆಗೆ ಬಿಡಲಿಲ್ಲ, ಸೆರೆಮನೆಗೆ ಸಾಗಿಸಲಾಯಿತು. ವಿಚಾರಣೆಯೇ ಇಲ್ಲದೆ 54 ವರ್ಷ ಕಳೆದು, 2005ರಲ್ಲಿ ಬಿಡುಗಡೆಯಾದಾಗ ಆತ ವೃದ್ಧನಾಗಿದ್ದ.

ಇತರರತ್ತ ಬೆರಳು ತೋರಿಸುವ ಮುನ್ನ ನಾವು ಏರ್ವಾಡಿಯನ್ನೂ ನೆನೆಯಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಆ ದರ್ಗಾದ ಸಮೀಪದ ಖಾಸಗಿ ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ಕಾರಣ ಓಡಲಾಗದೆ 28 ಮಂದಿ ಮನೋರೋಗಿಗಳು ಪ್ರಾಣ ಬಿಟ್ಟರು. ಅವರು ಯಾವ ಅಪರಾಧವನ್ನೂ ಎಸಗಿರಲಿಲ್ಲ. ಗುಣವಾಗಲೆಂದು ಮನೆಯವರೇ ಅವರನ್ನು ಅಲ್ಲಿ ಬಿಟ್ಟು ಬಂದಿದ್ದರು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮನೋರೋಗಿಯನ್ನು ಸರಪಳಿಯಲ್ಲಿ ಬಂಧಿಸುವುದನ್ನು ನಿಷೇಧಿಸಿದೆ. ಬೀದಿಯಲ್ಲಿ ಅಲೆಯುವ ರೋಗಿಯನ್ನು ಪೊಲೀಸರು ಲಾಕಪ್ಪಿನಲ್ಲಿಡದೆ ಆಸ್ಪತ್ರೆಗೆ ಒಯ್ಯಬೇಕು ಎಂದಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಿ ಆರೈಕೆ ನೀಡಬೇಕೆಂದಿದೆ. ಕಾಯ್ದೆ ಇಷ್ಟು ಮಾಡಿದೆ, ಆದರೆ ರೋಗಿಯ ಕೈಹಿಡಿದು ವೈದ್ಯರ ಬಳಿಗೆ ಕರೆದೊಯ್ಯುವ ಕೆಲಸ ಮನೆಯವರದ್ದು.

ದುಆ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಚಿಕಿತ್ಸೆ ಪಡೆಯಿರೆಂದು ಆದೇಶಿಸಿದವರೂ ಪ್ರವಾದಿ(ಸ)ರೇ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಲು ನಾಚದ ನಾವು ಮನಸ್ಸಿನ ಕಾಯಿಲೆಯನ್ನು ಜಿನ್ನ್ ಬಾಧೆಯೆಂದು ಏಕೆ ಮುಚ್ಚಿಡಬೇಕು? ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ನಮಗೆ ದೂರವಿಲ್ಲ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಸಲಹೆ ದೊರೆಯುತ್ತದೆ. ಖತೀಬರು ವರ್ಷಕ್ಕೊಂದು ಜುಮಾ ಭಾಷಣವನ್ನಾದರೂ ಈ ವಿಷಯಕ್ಕೆ ಮೀಸಲಿಡಲಿ. ಜಮಾಅತ್ ಸಮಿತಿಗಳು ಬಡ ರೋಗಿಯ ಔಷಧಿಯ ವೆಚ್ಚವನ್ನು ವಹಿಸಿಕೊಳ್ಳಲಿ.

ಅಲ್ಲಾಹನು ಲೇಖನಿ ಎತ್ತಿಟ್ಟವರ ಮೇಲೆ ಕಳಂಕದ ಹೆಸರು ಬರೆಯುವ ಅಧಿಕಾರ ನಮಗಾರಿಗೂ ಇಲ್ಲ. ಈ ಅರಿವನ್ನು ಅವನು ನಮಗೆಲ್ಲ ಅನುಗ್ರಹಿಸಲಿ.