ಗೇರ್ ಬಾಕ್ಸಿಗೆ ಯಾಕ್ರೀ ಬೈತೀರಾ?

"ಗಾಡಿ ಹಳೇದು ಗುರು, ಗೇರ್ ಇಳಿಸಿದ್ರೆ ಜರ್ಕ್ ಹೊಡೆಯೋದೇ." ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮೆಕ್ಯಾನಿಕ್ಕುಗಳೂ ಇದನ್ನೇ ಹೇಳಿ ಕ್ಲಚ್ ಪ್ಲೇಟ್ ಬದಲಾಯಿಸಿ ಕಳಿಸ್ತಾರೆ. ಅಲ್ಲ ಸ್ವಾಮಿ, ಕ್ಲಚ್, ಚೈನು ಎಲ್ಲ ಸರಿಯಿದ್ದೂ ಜರ್ಕ್ ಹೊಡೀತಿದೆ ಅಂದ್ರೆ ತಪ್ಪು ಗಾಡಿಯದ್ದಲ್ಲ, ನಿಮ್ಮ ಬಲಗೈಯದ್ದು!

ಲೆಕ್ಕ ಸುಲಭ. ನಾಲ್ಕನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗ್ತಿದೆ ಅಂದ್ಕೊಳ್ಳಿ. ಅದೇ ವೇಗದಲ್ಲಿ ಮೂರನೇ ಗೇರಿಗೆ ಬಂದರೆ ಅದು ಸುಮಾರು 4000 ಸುತ್ತು ತಿರುಗಲೇಬೇಕು (ಗಾಡಿಯಿಂದ ಗಾಡಿಗೆ ಸ್ವಲ್ಪ ವ್ಯತ್ಯಾಸ ಇರುತ್ತೆ). ಆದ್ರೆ ಹೆಚ್ಚಿನವರು ಮಾಡೋದೇನು? ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಕ್ಲಚ್ ಹಿಡಿದು, ಗೇರ್ ಒದ್ದು, ಟಕ್ ಅಂತ ಕ್ಲಚ್ ಬಿಡೋದು. ಅಷ್ಟರಲ್ಲಿ ಎಂಜಿನ್ 3000ಕ್ಕಿಂತಲೂ ಕೆಳಗೆ ಬಿದ್ದಿರುತ್ತೆ. ಅದನ್ನು 4000ಕ್ಕೆ ಎಳೆಯೋರು ಯಾರು? ಪಾಪ, ಹಿಂದಿನ ಚಕ್ರ! ಆ ಎಳೆತವೇ ಜರ್ಕು. ಚೈನು, ಸ್ಪ್ರಾಕೆಟ್ಟು, ಕ್ಲಚ್ ಪ್ಲೇಟು ಎಲ್ಲಾ ಅದರ ಏಟು ತಿನ್ನುತ್ತವೆ.

ಇದಕ್ಕೆ ಮದ್ದು ಅರ್ಧ ಸೆಕೆಂಡಿನ ಕೆಲಸ. ಕ್ಲಚ್ ಹಿಡಿದಿರುವಾಗಲೇ ಆಕ್ಸಿಲರೇಟರನ್ನು ಒಂದು ಸಲ ಹಗುರವಾಗಿ ತಿರುವಿ, ಎಂಜಿನ್ ಸದ್ದು ಏರುತ್ತಿದ್ದಂತೆ ಗೇರ್ ಇಳಿಸಿ ಕ್ಲಚ್ ಬಿಡಿ. ಒಂದು ಸಲಕ್ಕೆ ಒಂದೇ ಗೇರು. ಅಷ್ಟೇ.

"ಈಗಿನ ಬೈಕುಗಳಲ್ಲಿ ಇದೆಲ್ಲಾ ಬೇಕಿಲ್ವಲ್ಲ" ಅಂತೀರಾ? 2018ರಲ್ಲಿ ಬಂದ ಯಮಹಾ ಆರ್15 ಮೂರನೇ ಆವೃತ್ತಿಯಂಥ ಗಾಡಿಗಳಲ್ಲಿ ಸ್ಲಿಪ್ಪರ್ ಕ್ಲಚ್ ಇದೆ. ಚಕ್ರದ ಕಡೆಯಿಂದ ಎಳೆತ ಜಾಸ್ತಿಯಾದ್ರೆ ಅದು ತಾನೇ ಜಾರಿ ಏಟು ತಪ್ಪಿಸುತ್ತೆ. ನಮ್ಮ ಸಾಫ್ಟ್‌ವೇರ್ ಜನಕ್ಕೆ ಅರ್ಥವಾಗೋ ಹಾಗೆ ಹೇಳೋದಾದ್ರೆ, ಎಕ್ಸೆಪ್ಶನ್ ಕ್ಯಾಚ್ ಮಾಡಿ ಸುಮ್ಮನಾದ ಹಾಗೆ. ಬಗ್ ಹೋಗಿಲ್ಲ, ಕಾಣಿಸ್ತಿಲ್ಲ ಅಷ್ಟೇ :)

ಇನ್ನು ನಮ್ಮ ಮೈಸೂರಿನ ಹಳೇ ಜಾವಾ ನೋಡಿ. ಕಾರ್ಖಾನೆ 1996ರಲ್ಲೇ ಮುಚ್ಚಿತು, ಗಾಡಿಗಳು ಇನ್ನೂ ಓಡ್ತಿವೆ. ಅದರಲ್ಲಿ ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡಿಸಿಕೊಳ್ಳುತ್ತೆ. ಕಾಲು ಎತ್ತುವ ಮುಂಚೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ನಿಧಾನಕ್ಕೆ ಲಿವರ್ ಬಿಟ್ಟರೆ ಬೆಣ್ಣೆ! ಇಂಥ ಗಾಡಿಗೆ "ಒರಟು" ಅಂತ ಹೆಸರು ಕೊಟ್ಟವರು ಓಡಿಸೋದು ಕಲೀದವರೇ.

"ನಿಧಾನ ಮಾಡೋಕೆ ಬ್ರೇಕ್ ಇದೆಯಲ್ಲ?" ಇದೆ. ಆಗುಂಬೆಯ 14 ತಿರುವುಗಳನ್ನು ಬರೀ ಡ್ರಮ್ ಬ್ರೇಕ್ ನಂಬಿ ಇಳಿದರೆ ಅದು ಕಾದು ಹಿಡಿತ ಕಳ್ಕೊಳ್ಳುತ್ತೆ. ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್‌ನಲ್ಲಿ ಇಳಿಯೋ ಬುದ್ಧಿವಂತರ ಬಗ್ಗೆ ಮಾತೇ ಬೇಡ. ಮಳೆಯಲ್ಲಿ ಒರಟಾಗಿ ಗೇರ್ ಇಳಿಸಿದರಂತೂ ಹಿಂದಿನ ಚಕ್ರ ಜಾರಿ ನೇರ ಪ್ರಪಾತದ ಕಡೆಗೆ. ಜಾವಾದವರಿಗೆ ಇನ್ನೊಂದು ಮಾತು. ಎಂಜಿನ್ನಿಗೆ ಆಯಿಲ್ ಹೋಗೋದು ಪೆಟ್ರೋಲ್ ಜೊತೆಗೇ. ಇಳಿಜಾರಿನ ಉದ್ದಕ್ಕೂ ಆಕ್ಸಿಲರೇಟರ್ ಮುಚ್ಚಿದ್ರೆ ಪಿಸ್ಟನ್ ಒಣಗಿ ಸೀಜ್ ಆಗಬಹುದು. ಆಗಾಗ ಕ್ಲಚ್ ಹಿಡಿದು ಸ್ವಲ್ಪ ತಿರುವಿ.

ಲೈಸೆನ್ಸ್ ಕೊಡೋವಾಗ 8 ಹಾಕಿಸ್ತಾರೆ, ಗೇರ್ ಇಳಿಸಿ ತೋರಿಸು ಅನ್ನಲ್ಲ. ಅಪ್ಪನ ಗಾಡಿ ಗುಜರಿಗೆ ಹಾಕೋ ಮುಂಚೆ ಒಂದು ವಾರ ಹೀಗೆ ಓಡಿಸಿ ನೋಡಿ. ಆಮೇಲೂ ಜರ್ಕ್ ಹೊಡೆದ್ರೆ ಬನ್ನಿ, ಜಗಳ ಆಡೋಣ!